ಮನೆ ಇಳಿಸಿದೆವು, ಕಾಯಕ ಉಳಿಸಿದೆವು

(ಕುಷ್ಟಗಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಕಾಯಕ ಮತ್ತು ಸಾಲ’. ನಾನು ಓದಿಕೊಂಡು ಉಪನ್ಯಾಸ ಮಾಡುವವಳಲ್ಲ. ಗಂಗಾವತಿಯಲ್ಲಿ ನಮ್ಮ ಮನೆಯವರದು ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ಟ್ರೇಲರ್ ಮಾಡುತ್ತಾರೆ, ರೈಸ್ ಮಿಲ್ಲಿನ ಯಂತ್ರ ಮತ್ತು ಭತ್ತ ಕೊಯ್ಯುವ ಮಷಿನ್ ದುರಸ್ತಿ ಮಾಡುತ್ತಾರೆ. ಆ ಅಂಗಡಿಯ ಲೆಕ್ಕದ ಪುಸ್ತಕ ಹದಿನೇಳು ವರ್ಷದಿಂದ ನನ್ನ ಕೈಯಲ್ಲಿದೆ. ಆದ್ದರಿಂದ ಇವತ್ತು ಆ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳುತ್ತೇನೆ.

ಹೇಳಬೇಕಾದ ಮಾತು ಒಂದೇ. ತಿಂಗಳ ಸಂಬಳ ಇಲ್ಲದೆ ಸ್ವಂತ ಕಾಯಕದಿಂದ ಬದುಕುವವರಿಗೆ ಮನೆಸಾಲದ ಕಂತು ಭಾರವಾದಾಗ, ಇನ್ನೂ ಒಂದು ಕಂತೂ ತಪ್ಪದಿರುವಾಗಲೇ, ದೊಡ್ಡ ಮನೆ ಮಾರಿ ಸಣ್ಣ ಮನೆಗೆ ಹೋಗುವುದು ಸೋಲಲ್ಲ. ಅದು ಕಾಯಕವನ್ನು ಕಾಯ್ದುಕೊಳ್ಳುವ ದಾರಿ. ನಾವು ಆ ದಾರಿಯಲ್ಲಿ ಹೋದೆವು. ಹೇಗೆ ಹೋದೆವು, ಎಷ್ಟು ಖರ್ಚಾಯಿತು, ಏನು ಉಳಿಯಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

ಸಂಬಳದವರ ಮನೆಸಾಲ ಬೇರೆ, ನಮ್ಮಂಥವರ ಮನೆಸಾಲ ಬೇರೆ. ನೌಕರರಿಗೆ ತಿಂಗಳ ಕೊನೆಗೆ ಪಗಾರ ಬರುತ್ತದೆ, ಐದನೇ ತಾರೀಖಿಗೆ ಕಂತು ಹೋಗುತ್ತದೆ. ಅವರಿಗೆ ಬರುವುದೂ ಗೊತ್ತು, ಹೋಗುವುದೂ ಗೊತ್ತು. ನಮಗೆ ಹೋಗುವುದು ಮಾತ್ರ ಗೊತ್ತು. ಕಿನ್ನಾಳದ ಗೊಂಬೆ ಮಾಡುವವರಿಗೆ ಹಬ್ಬ, ಜಾತ್ರೆ ಬಂದಾಗ ಬೇಡಿಕೆ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಕೂದಲು ಸ್ವಚ್ಛ ಮಾಡಿ ಮಾರುವವರು ದೂರದ ಖರೀದಿದಾರರ ಕಡೆ ನೋಡುತ್ತ ಕೂಡಬೇಕು. ಈ ಕುಷ್ಟಗಿ ಭಾಗದ ಗ್ರಾನೈಟ್ ಕೆಲಸದವರಿಗೆ ಎಲ್ಲೋ ಕಟ್ಟಡ ಏಳಬೇಕು, ಆಮೇಲೆ ರೊಕ್ಕ. ಯಲಬುರ್ಗಾದ ಎರೆಹೊಲದಲ್ಲಿ ಕಡಲೆ ಕೈಹತ್ತಿದರೆ ಅಲ್ಲಿಯ ಕಿರಾಣಿ, ಬಟ್ಟೆ ಅಂಗಡಿ, ಗ್ಯಾರೇಜು ಎಲ್ಲ ನಡೆಯುತ್ತವೆ. ಗಂಗಾವತಿಯಲ್ಲಿ ನಮಗೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯೇ ಪಗಾರ ಕೊಡುವ ಯಜಮಾನ. ನೀರು ಬಂದರೆ ಭತ್ತ, ಭತ್ತ ಬಂದರೆ ಮಿಲ್ಲು, ಮಿಲ್ಲು ತಿರುಗಿದರೆ ನಮ್ಮ ವೆಲ್ಡಿಂಗ್. ಬ್ಯಾಂಕಿನ ಕಂತಿಗೆ ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ.

ನನ್ನ ತವರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ, ಮಳೆಯನ್ನೇ ನಂಬಿದ ಊರು. ಜೋಳ ರಾಶಿಯಾದ ಕೂಡಲೇ ನಮ್ಮವ್ವ ಮೊದಲು ತೆಗೆದಿಡುತ್ತಿದ್ದದ್ದು ಬೀಜದ ಕಾಳು. ಬೂದಿ ಕಲಸಿ, ಬೇವಿನ ಎಲೆ ಹಾಕಿ, ಗಡಿಗೆಯ ಬಾಯಿ ಮುಚ್ಚಿ ಇಡುತ್ತಿದ್ದಳು. ಎಂಥ ಬರ ಬಂದರೂ ಅದಕ್ಕೆ ಕೈ ಹಚ್ಚುವಂತಿಲ್ಲ. ‘ಅರ್ಧ ಹೊಟ್ಟಿ ಉಂಡ್ರ ಒಂದು ವರ್ಷ ಕಳೀತದ, ಬೀಜ ತಿಂದ್ರ ಮುಂದ ಬಿತ್ತೂದೇನು’ ಅನ್ನುತ್ತಿದ್ದಳು. ಸ್ವಂತ ಕಾಯಕದವರಿಗೂ ಒಂದು ಬೀಜದ ಕಾಳು ಇರುತ್ತದೆ. ಅಂಗಡಿಯಲ್ಲಿರುವ ಕಬ್ಬಿಣದ ದಾಸ್ತಾನು, ಮಷಿನ್, ಕೈಕೆಳಗಿನ ಹುಡುಗರ ಪಗಾರಕ್ಕೆ ಇಟ್ಟ ರೊಕ್ಕ, ಉದ್ರಿ ಕೊಡುವ ವ್ಯಾಪಾರಿಯ ನಂಬಿಕೆ – ಇವೇ ನಮ್ಮ ಬೀಜ. ಮನೆಯ ಕಂತು ಈ ಬೀಜಕ್ಕೆ ಬಾಯಿ ಹಾಕಲು ಶುರು ಮಾಡಿದ ದಿನ ಎಚ್ಚರವಾಗಬೇಕು.

ಈಗ ನಮ್ಮ ಲೆಕ್ಕ. 2020ರ ಆಗಸ್ಟಿನಲ್ಲಿ ನಾವು ಹೊಸ ಬಡಾವಣೆಯಲ್ಲಿ 42 ಲಕ್ಷಕ್ಕೆ ಕಟ್ಟಿದ ಮನೆ ಕೊಂಡೆವು. ಕೈಯಿಂದ 12 ಲಕ್ಷ, ಸಾಲ 30 ಲಕ್ಷ. 20 ವರ್ಷದ ಅವಧಿ, ಬದಲಾಗುವ ಬಡ್ಡಿ, ಆಗ ಶೇ. 8. ಕಂತು ತಿಂಗಳಿಗೆ 25,093 ರೂಪಾಯಿ. ಆಗ ಎರಡು ಭತ್ತ ಬರುತ್ತಿದ್ದವು. ಅಂಗಡಿಯ ಖರ್ಚೆಲ್ಲ ಕಳೆದು ತಿಂಗಳಿಗೆ ಸರಾಸರಿ 65 ಸಾವಿರ ಉಳಿಯುತ್ತಿತ್ತು. ಆ ದಿನದ ಆದಾಯಕ್ಕೆ ಆ ಕಂತು ಸರಿಯಾಗಿ ತೂಗುತ್ತಿತ್ತು.

ಬದಲಾದದ್ದು ಎರಡು. ಮೊದಲನೆಯದು ಬಡ್ಡಿ. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಿಂದ ಎರಡು ವರ್ಷ ಶೇ. 4ರಲ್ಲಿತ್ತು. 2022ರ ಮೇಯಲ್ಲಿ ಏರಲು ಹತ್ತಿದ್ದು 2023ರ ಫೆಬ್ರವರಿಗೆ ಶೇ. 6.5 ಆಯಿತು. 2019ರ ಅಕ್ಟೋಬರಿನಿಂದ ಬ್ಯಾಂಕುಗಳ ಹೊಸ ಮನೆಸಾಲಗಳು ಇಂಥ ಹೊರಗಿನ ದರಕ್ಕೆ ಕಟ್ಟಿಕೊಂಡಿರುವುದರಿಂದ ಅಲ್ಲಿ ಏರಿದ್ದು ಇಲ್ಲಿಯೂ ಏರುತ್ತದೆ. ನಮ್ಮ ಬಡ್ಡಿ ಶೇ. 8ರಿಂದ 10.5 ಆಯಿತು. ಆಗ ಬಾಕಿ ಸುಮಾರು 28 ಲಕ್ಷ 60 ಸಾವಿರ. ಅದರ ಒಂದು ತಿಂಗಳ ಬಡ್ಡಿಯೇ 25,025. ನಾವು ಕಟ್ಟುತ್ತಿದ್ದ ಕಂತು 25,093. ಅಂದರೆ ಅಸಲಿಗೆ ಬೀಳುತ್ತಿದ್ದದ್ದು 68 ರೂಪಾಯಿ! ಈ ಲೆಕ್ಕದಲ್ಲಿ ಸಾಲ ಮುಗಿಯುವ ಮಾತೇ ಇಲ್ಲ. ಅವಧಿಯೊಳಗೆ ತೀರಬೇಕೆಂದರೆ ಕಂತು 29,800 ಆಗಬೇಕು ಎಂದರು. ಆಯಿತು.

ಎರಡನೆಯದು ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿದ್ದು ನಿಮಗೆಲ್ಲ ನೆನಪಿದೆ. ಜಲಾಶಯದಲ್ಲಿ ನೀರು ಸಾಲದೆ ನಮ್ಮ ಕಡೆ ಎರಡನೇ ಭತ್ತ ಇಲ್ಲವಾಯಿತು. ಭತ್ತವಿಲ್ಲದ ಬೇಸಿಗೆಯಲ್ಲಿ ಕೊಯ್ಯುವ ಮಷಿನ್ ಯಾರು ದುರಸ್ತಿ ಮಾಡಿಸುತ್ತಾರೆ? ಹೊಸ ಟ್ರೇಲರ್ ಯಾರು ಹೇಳುತ್ತಾರೆ? 2024ರ ಮೊದಲ ತಿಂಗಳುಗಳಲ್ಲಿ ಅಂಗಡಿಯ ಉಳಿಕೆ 34 ಸಾವಿರಕ್ಕೆ ಇಳಿಯಿತು. ಕಂತು ಕಳೆದರೆ ನಾಲ್ಕು ಸಾವಿರದ ಚಿಲ್ಲರೆ. ಅದರಲ್ಲಿ ಐದು ಜನರ ಊಟ, ಮಗಳ ಕಾಲೇಜು, ಅತ್ತೆಯವರ ಔಷಧಿ.

ಆದರೂ ನಾವು ಒಂದು ಕಂತೂ ತಪ್ಪಿಸಲಿಲ್ಲ. ಅದನ್ನು ಹೇಗೆ ಕಟ್ಟಿದೆವು ಎಂದು ಪುಸ್ತಕ ನೋಡಿದಾಗ ನನಗೆ ಬೀಜದ ಗಡಿಗೆ ನೆನಪಾಯಿತು. ಜನವರಿಯ ಕಂತು ಕಬ್ಬಿಣದ ದಾಸ್ತಾನು ಮಾರಿದ ರೊಕ್ಕದಿಂದ. ಫೆಬ್ರವರಿಯದು ನನ್ನ ಬಳೆ ಅಡವಿಟ್ಟು. ಮಾರ್ಚಿನದು ಕಬ್ಬಿಣದ ಅಂಗಡಿಯವರಿಗೆ ಕೊಡಬೇಕಾದ ಉದ್ರಿ ನಿಲ್ಲಿಸಿ. ಏಪ್ರಿಲಿನಲ್ಲಿ ಇಬ್ಬರು ಹುಡುಗರ ಪಗಾರ ಹಿಂದೆ ಬಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ, ಬ್ಯಾಂಕಿನ ದಾಖಲೆಯಲ್ಲಿ ನಾವು ಒಳ್ಳೆಯ ಸಾಲಗಾರರು. ಒಳಗೆ ಅಂಗಡಿ ಖಾಲಿಯಾಗುತ್ತಿದೆ. ಮನೆ ನಿಲ್ಲಬೇಕೆಂದು ಆ ಮನೆಯನ್ನು ಸಾಕುವ ಕಾಯಕವನ್ನೇ ಕರಗಿಸುತ್ತ ಹೋದರೆ ಕೊನೆಗೆ ಎರಡೂ ಉಳಿಯುವುದಿಲ್ಲ.

ಅಂಥ ಕೊನೆ ಹೇಗಿರುತ್ತದೆ ಎಂಬುದನ್ನೂ ತಿಳಿದಿರಬೇಕು. ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಸಾಲ ‘ಎನ್‌ಪಿಎ’ ಅಂದರೆ ಕೆಟ್ಟ ಸಾಲದ ಪಟ್ಟಿಗೆ ಹೋಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸ್ ಬರುತ್ತದೆ. ಅಷ್ಟರಲ್ಲಿ ಕಟ್ಟದಿದ್ದರೆ ಕೋರ್ಟಿಗೆ ದಾವೆ ಹಾಕದೆಯೇ ಮನೆಯ ಸ್ವಾಧೀನ, ಆಮೇಲೆ ಹರಾಜು. ಹರಾಜಿನಲ್ಲಿ ನಾವು ಹೇಳಿದ ಬೆಲೆ ಬರುವುದಿಲ್ಲ. ಬಾಗಿಲಿಗೆ ನೋಟಿಸ್ ಅಂಟಿದ ಮನೆಗೆ ಕೊಳ್ಳುವವರು ಕೇಳುವ ಬೆಲೆಯೇ ಬೇರೆ. ಇನ್ನೂ ಒಂದಿದೆ. ಒಮ್ಮೆ ಕಂತು ತಪ್ಪಿದ ದಾಖಲೆಯಾದರೆ ಸಣ್ಣ ಮನೆಗೂ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ದೊಡ್ಡ ಬಾಗಿಲು ಮುಚ್ಚುವುದರ ಜೊತೆಗೆ ಸಣ್ಣ ಬಾಗಿಲೂ ಮುಚ್ಚುತ್ತದೆ. ಆದ್ದರಿಂದಲೇ ಕಂತು ತಪ್ಪುವ ಮೊದಲೇ ಎಂದು ನಾನು ಒತ್ತಿ ಹೇಳುತ್ತಿದ್ದೇನೆ.

ಏಪ್ರಿಲಿನಲ್ಲಿ ಮನೆಯಲ್ಲಿ ಈ ಮಾತು ತೆಗೆದೆ. ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಮನಿ ಮಾರ್ಕೊಂಡಾನ ಅಂತಾರ’ ಅಂದರು. ನಮ್ಮ ಸೀಮೆಯಲ್ಲಿ ಈ ಮಾತಿನ ತೂಕ ಎಷ್ಟೆಂದು ನಿಮಗೆ ಹೇಳಬೇಕಿಲ್ಲ. ಹೊಲ ಮಾರಿದವನಿಗೆ, ಮನೆ ಮಾರಿದವನಿಗೆ ನಮ್ಮ ಜನ ಒಂದೇ ಗುಂಪು ಕಟ್ಟಿಬಿಡುತ್ತಾರೆ – ಕುಡುಕ, ಜೂಜುಕೋರ, ದಿವಾಳಿ. ಆಗ ಅತ್ತೆಯವರು ಒಳಗಿನಿಂದ ಬಂದು ಒಂದೇ ಮಾತು ಹೇಳಿದರು: ‘ಮನಿ ಮಾರ್ರಿ. ಮಷಿನ್ ಮಾತ್ರ ಮಾರಬ್ಯಾಡ್ರಿ.’ ಎಪ್ಪತ್ತು ದಾಟಿದ, ಸಹಿ ಮಾಡಲು ಮಾತ್ರ ಕಲಿತ ತಾಯಿ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಎರಡು ಮಾತಿನಲ್ಲಿದೆ.

ಮಾರುವ ಸುದ್ದಿ ಹಬ್ಬಿದ ಮೇಲೆ ಸಲಹೆ ಕೊಡುವವರು ಬಹಳ ಮಂದಿ ಬಂದರು. ಒಬ್ಬರು ಬಾಗಿಲಿನ ದಿಕ್ಕು ಸರಿಯಿಲ್ಲ ಅಂದರು. ಇನ್ನೊಬ್ಬರು ಅಡಿಗೆಮನೆ ಆ ಮೂಲೆಯಲ್ಲಿ ಇರಬಾರದಿತ್ತು, ಒಡೆದು ಕಟ್ಟಿಸಿ ಅಂದರು. ಒಡೆದು ಕಟ್ಟಿಸಲು ಎರಡು ಲಕ್ಷ ಬೇಕು. ಬಂಧುಗಳೇ, ಬಾಗಿಲು ಯಾವ ದಿಕ್ಕಿಗಿದ್ದರೂ ಶೇ. 8 ಇದ್ದದ್ದು ಶೇ. 10.5 ಆಗಿಯೇ ಆಗುತ್ತಿತ್ತು. ಕಾಲುವೆಗೆ ನೀರು ಬಾರದ್ದಕ್ಕೆ ನಮ್ಮ ಒಲೆ ಕಾರಣವಲ್ಲ. ಲೆಕ್ಕದಲ್ಲಿ ಬಂದ ತೊಂದರೆಗೆ ಲೆಕ್ಕದಲ್ಲಿಯೇ ಪರಿಹಾರ ಹುಡುಕಬೇಕು.

ಈಗ ನಾವು ಯಾವ ಕ್ರಮದಲ್ಲಿ ಹೋದೆವು ಎಂಬುದನ್ನು ಹೇಳುತ್ತೇನೆ. ಈ ಕ್ರಮ ಮುಖ್ಯ. ಹಿಂದುಮುಂದಾದರೆ ಮನೆಯೂ ಇಲ್ಲದೆ ಸಾಲವೂ ಸಿಗದೆ ನಡುನೀರಿನಲ್ಲಿ ನಿಲ್ಲಬೇಕಾಗುತ್ತದೆ.

ಮೊದಲು, ಇದ್ದ ಸಾಲವನ್ನೇ ಹಗುರ ಮಾಡಬಹುದೇ ಎಂದು ಬ್ಯಾಂಕಿನಲ್ಲಿ ಕೇಳಿದೆವು. ಬಡ್ಡಿ ಏರಿದಾಗ ಕಂತು ಏರಿಸುವುದೋ, ಅವಧಿ ಉದ್ದ ಮಾಡುವುದೋ, ಒಂದಷ್ಟು ಅಸಲು ಮುಂಚೆಯೇ ಕಟ್ಟುವುದೋ ಎಂಬ ಆಯ್ಕೆಯನ್ನು ಸಾಲಗಾರರ ಮುಂದೆ ಇಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಹೇಳಿದೆ. ಆದ್ದರಿಂದ ಕೇಳಲು ಸಂಕೋಚ ಬೇಡ. ನಮ್ಮ ಬಾಕಿಯನ್ನು 25 ವರ್ಷಕ್ಕೆ ಎಳೆದರೆ ಕಂತು 26,250ರ ಹತ್ತಿರ ಬರುತ್ತಿತ್ತು. ಮೂರೂವರೆ ಸಾವಿರ ಉಳಿಯುತ್ತದೆ. ಆದರೆ ಸಾಲ ತೀರುವಾಗ ನಮ್ಮ ಮನೆಯವರಿಗೆ 71 ವರ್ಷ. ಅಲ್ಲಿಯತನಕ ಅವರು ವೆಲ್ಡಿಂಗ್ ಹೊಗೆಯಲ್ಲಿ ನಿಲ್ಲಬೇಕು. ಅದು ಬೇಡವೆಂದೆವು.

ಎರಡನೆಯದು, ಇರುವ ಮನೆ ಮಾರುವ ಕರಾರಿಗೆ ಸಹಿ ಹಾಕುವ ಮುಂಚೆಯೇ ಹೊಸ ಸಣ್ಣ ಸಾಲದ ಮಂಜೂರಾತಿ ಪತ್ರ ಕೈಗೆ ತೆಗೆದುಕೊಂಡೆವು. ಸಂಬಳದವರಿಗೆ ಪಗಾರ ಚೀಟಿ ಸಾಕು. ನಮ್ಮಂಥವರಿಗೆ ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ಲೆಕ್ಕ, ಬ್ಯಾಂಕ್ ಖಾತೆಯ ವಿವರ ಎಲ್ಲ ಕೇಳುತ್ತಾರೆ. ಹಿಂದಿನ ಮೂರು ವರ್ಷದ ರಿಟರ್ನ್ ಸರಿಯಾಗಿತ್ತು, ಒಂದು ಕಂತೂ ತಪ್ಪಿರಲಿಲ್ಲ, ಬರದ ತಿಂಗಳುಗಳ ಲೆಕ್ಕವನ್ನೂ ಮುಚ್ಚಿಡದೆ ತೋರಿಸಿದೆವು. 10 ಲಕ್ಷ ಮಂಜೂರಾಯಿತು. ತೆರಿಗೆ ಉಳಿಸಬೇಕೆಂದು ಆದಾಯ ಕಡಿಮೆ ತೋರಿಸುವ ಅಭ್ಯಾಸ ನಮ್ಮ ವ್ಯಾಪಾರಿಗಳಲ್ಲಿದೆ. ಕಷ್ಟದ ದಿನ ಬ್ಯಾಂಕಿನ ಮುಂದೆ ನಿಂತಾಗ ನಿಮ್ಮ ಪರವಾಗಿ ಮಾತಾಡುವುದು ಆ ಕಾಗದವೊಂದೇ. ಸತ್ಯವಾದ ಲೆಕ್ಕ ಧರ್ಮವೂ ಹೌದು, ಉಪಯೋಗವೂ ಹೌದು.

ಮೂರನೆಯದು, ಅಡವಿಟ್ಟ ಮನೆಯನ್ನು ಮಾರುವ ರೀತಿ. ಸಾಲ ಇರುವ ಮನೆ ಮಾರಲು ಬರುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಬರುತ್ತದೆ. ಬ್ಯಾಂಕಿನಿಂದ ಬಾಕಿ ಎಷ್ಟೆಂಬ ಪತ್ರ ಮತ್ತು ಅವರಲ್ಲಿರುವ ದಾಖಲೆಗಳ ಪಟ್ಟಿ ಪಡೆಯಬೇಕು. ಕೊಳ್ಳುವವರ ರೊಕ್ಕದಲ್ಲಿ ಬಾಕಿಯಷ್ಟು ನೇರವಾಗಿ ಸಾಲದ ಖಾತೆಗೆ ಹೋಗುವಂತೆ ಕರಾರಿನಲ್ಲಿ ಬರೆಯಬೇಕು. ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿಯ ಮನೆಸಾಲವನ್ನು ಮುಂಚೆಯೇ ತೀರಿಸಿದರೆ ದಂಡ ಹಾಕುವಂತಿಲ್ಲ. ತೀರಿಸಿದ 30 ದಿನದೊಳಗೆ ಮೂಲ ಕಾಗದಗಳನ್ನು ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಉಪನೋಂದಣಿ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನು ನೋಂದಾಯಿಸಿ, ಋಣಭಾರ ಪತ್ರದಲ್ಲಿ ಅದು ಬಂದಿದೆಯೇ ಎಂದು ನೋಡುವವರೆಗೂ ಕೆಲಸ ಮುಗಿದಂತಲ್ಲ.

ನಾಲ್ಕನೆಯದು, ಸಣ್ಣ ಮನೆಯ ಆಯ್ಕೆ. ತವರಿನ ಕಡೆ ಒಂದು ಮನೆ ಬಹಳ ಅಗ್ಗಕ್ಕೆ ಸಿಗುತ್ತಿತ್ತು, ಸಾಲವೇ ಬೇಕಿರಲಿಲ್ಲ. ಆದರೆ ಯಲಬುರ್ಗಾ ಕಡೆಯಿಂದ ದಿನಾ ಗಂಗಾವತಿಗೆ ಹೋಗಿ ಬರುವ ಮಾತೇ? ಗಿರಾಕಿ ಬೆಳಗ್ಗೆ ಏಳಕ್ಕೆ ಮಷಿನ್ ತಂದು ನಿಲ್ಲಿಸುತ್ತಾನೆ. ಮನೆ ಅಗ್ಗವಾಗಿ ಕಾಯಕ ದೂರವಾದರೆ ಉಳಿದದ್ದೆಲ್ಲ ರಸ್ತೆಯ ಮೇಲೆ ಚೆಲ್ಲುತ್ತದೆ. ಇನ್ನೊಂದು ಕಡೆ ಊರ ಹೊರಗೆ 14 ಲಕ್ಷಕ್ಕೆ ಮನೆ ಇತ್ತು. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಕಟ್ಟಿದ್ದು, ಇ-ಖಾತಾ ಇಲ್ಲ. ಖಾತಾ ಇಲ್ಲದೆ ನೋಂದಣಿ ಆಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಅಗ್ಗದ ಮನೆಗೆ ಕೈಸಾಲ ಮಾಡಿದರೆ ನೂರಕ್ಕೆ ಮೂರರ ಬಡ್ಡಿ, ಅಂದರೆ ವರ್ಷಕ್ಕೆ 36. ಬೆಂಕಿಯಿಂದ ಬಾಣಲೆಗೆ ಬಿದ್ದ ಹಾಗೆ. ಕೊನೆಗೆ ಹಳೆಯ ಓಣಿಯಲ್ಲಿ, ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರ, ಕಾಗದ ಶುದ್ಧವಾಗಿದ್ದ ಎರಡು ಕೋಣೆಯ ಮನೆಯನ್ನು 21 ಲಕ್ಷಕ್ಕೆ ಹಿಡಿದೆವು.

ಇನ್ನು ಕೂಡಿಸಿ ಕಳೆಯುವ ಲೆಕ್ಕ, ತಾಯಂದಿರು ಬರೆದುಕೊಂಡರೂ ಆದೀತು. ದೊಡ್ಡ ಮನೆ 46 ಲಕ್ಷಕ್ಕೆ ಹೋಯಿತು. ಬಾಕಿ ಸಾಲ 27 ಲಕ್ಷ 80 ಸಾವಿರ ತೀರಿಸಿದೆವು. ಕೈಗೆ 18 ಲಕ್ಷ 20 ಸಾವಿರ. ಖರ್ಚು ಹೀಗೆ: ಮಧ್ಯವರ್ತಿಗೆ 46 ಸಾವಿರ, ಹೊಸ ಮನೆಯ ನೋಂದಣಿ ಮತ್ತು ಮುದ್ರಾಂಕಕ್ಕೆ 1 ಲಕ್ಷ 39 ಸಾವಿರ, ಸುಣ್ಣಬಣ್ಣ ಮತ್ತು ದುರಸ್ತಿಗೆ 1 ಲಕ್ಷ 20 ಸಾವಿರ, ಸಾಮಾನು ಸಾಗಿಸಲು 20 ಸಾವಿರ, ಹೊಸ ಸಾಲದ ಶುಲ್ಕ 15 ಸಾವಿರ. ಒಟ್ಟು 3 ಲಕ್ಷ 40 ಸಾವಿರ. ಹೊಸ ಸಾಲ 10 ಲಕ್ಷ, 15 ವರ್ಷ, ಶೇ. 10, ಕಂತು 10,746. ಮನೆಯ ಬೆಲೆ ಕೊಟ್ಟು, ಎಲ್ಲ ಖರ್ಚು ಕಳೆದು ಕೈಯಲ್ಲಿ 3 ಲಕ್ಷ 80 ಸಾವಿರ ಉಳಿಯಿತು.

29,800 ಇದ್ದ ಕಂತು 10,746 ಆಯಿತು. ತಿಂಗಳಿಗೆ 19 ಸಾವಿರ ಉಳಿತಾಯ. ಮನೆ ಬದಲಿಸಿದ ಖರ್ಚು 3 ಲಕ್ಷ 40 ಸಾವಿರವನ್ನು 19 ಸಾವಿರದಿಂದ ಭಾಗಿಸಿದರೆ 18 ತಿಂಗಳು. ಈ ಭಾಗಾಕಾರವನ್ನು ಮಾಡದೆ ಯಾರೂ ಮನೆ ಬದಲಿಸಬಾರದು. ಹದಿನೆಂಟು ತಿಂಗಳಲ್ಲಿ ಖರ್ಚು ಮರಳುವುದಾದರೆ ಹೋಗಬಹುದು. ಆರೇಳು ವರ್ಷ ಬೇಕಾಗುವುದಾದರೆ ಇದ್ದ ಮನೆಯಲ್ಲೇ ಬೇರೆ ದಾರಿ ನೋಡಬೇಕು. ನಿಮ್ಮ ಲೆಕ್ಕ ಮಾಡುವಾಗ ಒಂದು ನೆನಪಿಡಿ: ನೋಂದಣಿ ಶುಲ್ಕ ಆಗ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಕರ ಎಲ್ಲ ಸೇರಿ ಈಗ ನೂರಕ್ಕೆ ಏಳೂವರೆಗಿಂತ ಸ್ವಲ್ಪ ಹೆಚ್ಚು. ತೆರಿಗೆಯ ವಿಷಯವನ್ನೂ ಮೊದಲೇ ಕೇಳಿಕೊಳ್ಳಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆ ಮಾರಿ ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು, ಇಲ್ಲವೆ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ಅಷ್ಟಕ್ಕೆ ತೆರಿಗೆ ವಿನಾಯಿತಿ ಇದೆ.

ಉಳಿದ 3 ಲಕ್ಷ 80 ಸಾವಿರವನ್ನು ಏನು ಮಾಡಿದೆವು? ಹೊಸ ಮನೆಗೆ ಸೋಫಾ ತರಲಿಲ್ಲ. ಮೊದಲು ಒಂದು ವರ್ಷದ ಕಂತಿನಷ್ಟು, ಅಂದರೆ 1 ಲಕ್ಷ 29 ಸಾವಿರ, ಠೇವಣಿ ಇಟ್ಟೆವು. ಅದು ನಮ್ಮ ಬೀಜದ ಗಡಿಗೆ. ಉಳಿದುದರಲ್ಲಿ ಹುಡುಗರ ಪಗಾರ, ಕಬ್ಬಿಣದ ಅಂಗಡಿಯ ಉದ್ರಿ ತೀರಿಸಿ, ಬಳೆ ಬಿಡಿಸಿಕೊಂಡು, ಮಿಕ್ಕಿದ್ದಕ್ಕೆ ಕಬ್ಬಿಣ ತಂದು ಹಾಕಿದೆವು.

2024ರ ಜುಲೈನಲ್ಲಿ ಸಣ್ಣ ಮನೆಗೆ ಬಂದೆವು. ಮುಹೂರ್ತ ಕೇಳಲಿಲ್ಲ. ಬಸವಣ್ಣನವರ ಭಾವಚಿತ್ರ ಇಟ್ಟು, ಪ್ರಾರ್ಥನೆ ಮಾಡಿ, ಓಣಿಯ ಹತ್ತು ಜನಕ್ಕೆ ಪ್ರಸಾದ ಮಾಡಿ ಗುರುಪ್ರವೇಶ ಮುಗಿಸಿದೆವು. ದೊಡ್ಡ ಮನೆಯಲ್ಲಿ ಪೂಜೆಗೆಂದೇ ಒಂದು ಕೋಣೆ ಇತ್ತು, ಇಲ್ಲಿಲ್ಲ. ಇಷ್ಟಲಿಂಗ ಎದೆಯ ಮೇಲಿರುವವರಿಗೆ ಅದಕ್ಕಾಗಿ ಚಿಂತೆ ಏಕೆ? ಗೋಡೆಯ ಮಗ್ಗುಲಲ್ಲಿ ಕೂತರೂ ಪೂಜೆ ಪೂಜೆಯೇ.

ನಾವು ಬಂದು ತಿಂಗಳಾಗಿರಲಿಲ್ಲ, ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆಗೆ ತೂತು ಬಿದ್ದ ಹಾಗೆ ನೀರು ಹರಿದುಹೋಗುವುದನ್ನು ಇಡೀ ಸೀಮೆ ನೋಡಿತು. ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆದರು, ಆ ಕೆಲಸಗಾರರ ಕಾಯಕಕ್ಕೆ ಶರಣು. ಆದರೆ ಆ ವಾರ ಗಂಗಾವತಿಯಲ್ಲಿ ಅಂಗಡಿ ಇಟ್ಟವರಾರೂ ಸರಿಯಾಗಿ ಮಲಗಲಿಲ್ಲ. ನಾವೂ ಚಿಂತೆ ಮಾಡಿದೆವು, ಆದರೆ ಬೆಳೆಯ ಚಿಂತೆ, ರೈತರ ಚಿಂತೆ. ಕಂತಿನ ಭಯ ಇರಲಿಲ್ಲ. 2025–26ರಲ್ಲಿ ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಮತ್ತೆ ಅಂಗಡಿಯಲ್ಲಿ ಕೆಲಸ ಇಳಿಯಿತು. ಆದರೆ ಹುಡುಗರ ಪಗಾರ ನಿಲ್ಲಲಿಲ್ಲ.

ಕೆಲವರು ಕೇಳುತ್ತಾರೆ, ‘2025ರ ಫೆಬ್ರವರಿಯಿಂದ ಬಡ್ಡಿ ಇಳಿಯಲು ಹತ್ತಿತಲ್ಲ, ಇನ್ನಷ್ಟು ದಿನ ತಡೆದಿದ್ದರೆ ಮನೆ ಉಳಿಯುತ್ತಿತ್ತಲ್ಲ?’ ಲೆಕ್ಕ ಹಾಕಿ ನೋಡಿದ್ದೇನೆ. ನೂರಕ್ಕೆ ಒಂದು ರೂಪಾಯಿ ಬಡ್ಡಿ ಇಳಿದರೆ ಆ ಹಳೆಯ ಕಂತಿನಲ್ಲಿ ಸುಮಾರು 1,600 ಇಳಿಯುತ್ತಿತ್ತು. ಮನೆ ಬದಲಿಸಿದ್ದರಿಂದ ಇಳಿದದ್ದು 19 ಸಾವಿರ.

ಎಲ್ಲವೂ ಸಿಹಿಯಾಗಿಯೇ ಆಯಿತು ಎಂದರೆ ಸುಳ್ಳಾಗುತ್ತದೆ. ಮಗಳ ಸಂಬಂಧಕ್ಕೆ ಒಂದು ಕಡೆಯಿಂದ ಮಾತು ನಡೆದಿತ್ತು. ದೊಡ್ಡ ಮನೆಯಲ್ಲಿ ಚಹಾ ಕುಡಿದು ಹೋಗಿದ್ದವರು ಸಣ್ಣ ಮನೆಗೆ ಬರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನಗೆ ಎರಡು ದಿನ ಊಟ ಸೇರಲಿಲ್ಲ. ಮಗಳು ಮಾತ್ರ, ‘ಮನಿ ನೋಡಿ ಬಂದೋರು ಮನಿ ಹೋದ್ರ ಹೋಗ್ತಾರವ್ವ, ನನ್ನ ನೋಡಿ ಬರೋರು ಬರಲಿ’ ಅಂದಳು. ಆ ಮಾತುಕತೆ ಮತ್ತೆ ಶುರುವಾಗಿಲ್ಲ. ಅವಳೀಗ ಬೇರೆಯವರ ಅಂಗಡಿಯ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದಾಳೆ.

ಈ ಕಾರಣಕ್ಕೇ ನಾನು ಈ ವೇದಿಕೆಗೆ ಬರಲು ಒಪ್ಪಿದ್ದು. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲೂ ಕೇಳಬಹುದು. ಮನೆ ಮಾರಲು ಹೆದರಿಸುವುದು ಬಡ್ಡಿಯಲ್ಲ, ನಮ್ಮ ಬಾಯಿ. ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಿರುಗಿ ಸುರಿದು ಬರಲು ಕಳಿಸಿದ ಕಥೆಯನ್ನು ನಾವು ಎಷ್ಟು ಸಲ ಕೇಳಿಲ್ಲ, ಹೇಳಿಲ್ಲ! ಕೇಳಿ ತಲೆದೂಗುತ್ತೇವೆ. ಆದರೆ ಪಕ್ಕದ ಮನೆಯವರು ತಮಗೆ ಹೆಚ್ಚಾದ ಮನೆಯನ್ನು ಬಿಟ್ಟುಕೊಟ್ಟರೆ ‘ದಿವಾಳಿ ಆದ್ರು’ ಅನ್ನುತ್ತೇವೆ. ಲಕ್ಕಮ್ಮ ಅಕ್ಕಿ ತಿರುಗಿ ಕಳಿಸಿದರೆ ಶರಣೆ, ನಮ್ಮ ಓಣಿಯ ತಾಯಿ ಮನೆ ತಿರುಗಿ ಕೊಟ್ಟರೆ ಗತಿಗೆಟ್ಟವಳೇ?

ಆದ್ದರಿಂದ ಮೂರು ಕೋರಿಕೆ. ಒಂದು, ಸಂಬಂಧ ನೋಡಲು ಹೋದಾಗ ಮನೆ ಎಷ್ಟು ಮಹಡಿ ಎಂದು ನೋಡಬೇಡಿ, ಸಾಲ ಎಷ್ಟಿದೆ, ಕಾಯಕ ಹೇಗೆ ನಡೆದಿದೆ ಎಂದು ಕೇಳಿ. ಎರಡು, ‘ಮನಿ ಮಾರ್ಕೊಂಡ್ರು’ ಎಂಬ ಮಾತನ್ನು ನಮ್ಮ ಬಾಯಿಂದ ತೆಗೆಯೋಣ, ಮಾರಿದವರ ಸಣ್ಣ ಮನೆಗೆ ಮೊದಲು ನಾವೇ ಹೋಗಿ ಪ್ರಸಾದ ಸ್ವೀಕರಿಸೋಣ. ಮೂರನೆಯದು ಪೂಜ್ಯರಲ್ಲಿ ಬಿನ್ನಹ. ಇಂಥ ಗೋಷ್ಠಿಯ ದಿನ ಒಂದು ಗಂಟೆ ಲೆಕ್ಕಕ್ಕೆ ಇರಲಿ. ಭಕ್ತರಲ್ಲಿ ತೆರಿಗೆ ಲೆಕ್ಕ ಬಲ್ಲವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ವಕೀಲರಿದ್ದಾರೆ. ಕಂತು ಭಾರವಾದವರು ಮಠದ ಒಂದು ಮೂಲೆಯಲ್ಲಿ ಕೂತು ಅವರ ಮುಂದೆ ಪುಸ್ತಕ ಬಿಚ್ಚಲಿ. ಅನ್ನ ನೀಡುವುದು ದಾಸೋಹವಾದರೆ, ತಿಳಿದ ಲೆಕ್ಕವನ್ನು ತಿಳಿಯದವರಿಗೆ ನೀಡುವುದೂ ದಾಸೋಹವೇ.

ಕಂತು ಭಾರವಾಗಿದೆ ಎಂದು ಅನ್ನಿಸುತ್ತಿರುವವರು ಇಲ್ಲಿ ಇದ್ದರೆ ಇವತ್ತು ರಾತ್ರಿ ಒಂದೇ ಕೆಲಸ ಮಾಡಿ. ಕಳೆದ ಆರು ತಿಂಗಳ ಕಂತನ್ನು ಯಾವ ರೊಕ್ಕದಿಂದ ಕಟ್ಟಿದಿರಿ ಎಂದು ಬರೆಯಿರಿ. ದುಡಿಮೆಯ ಉಳಿಕೆಯಿಂದ ಎಷ್ಟು, ದಾಸ್ತಾನು, ಒಡವೆ, ಉದ್ರಿಯಿಂದ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಎರಡನೇ ಸಾಲು ಉದ್ದವಾಗಿದ್ದರೆ ಮನೆಯವರೆಲ್ಲ ಕೂತು ಮಾತಾಡಿ. ಇನ್ನೂ ಕೈಯಲ್ಲಿ ಹೊತ್ತಿದೆ.